ಜಾರ್ಜಿಯದ ಮೂವರು ಗವರ್ನರ್‌ಗಳು: ಖಾಲಿಯಾದದ್ದು ಯಾರ ಕುರ್ಚಿ?

ಮೊದಲು ಒಂದು ಮಾತು ತಲೆಯಲ್ಲಿರಲಿ. ಅಮೆರಿಕದ ಗವರ್ನರ್ ನಮ್ಮ ರಾಜ್ಯಪಾಲರಂತಲ್ಲ. ಜನರೇ ಆರಿಸಿದವರು, ಸರ್ಕಾರ ನಡೆಸುವವರು. ಕೆಲಸದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ. ಅದಕ್ಕೇ ಇಲ್ಲಿ ಗವರ್ನರ್ ಅಂತಲೇ ಬರೆಯುತ್ತೇನೆ.

ಜಾರ್ಜಿಯ ರಾಜ್ಯದ ಗವರ್ನರ್‌ಗಳ ಪಟ್ಟಿ ಓದುತ್ತಾ 1947ಕ್ಕೆ ಬಂದರೆ ಎಲ್ಲರೂ ತಡವರಿಸುತ್ತಾರೆ. ಆ ಜನವರಿಯಲ್ಲಿ ಕೆಲವೇ ದಿನಗಳೊಳಗೆ ಮೂವರು ಆ ಹುದ್ದೆ ತಮ್ಮದೆಂದರು. ಎಲ್ಲಿಂದ ಶುರುವಾಯಿತು ನೋಡೋಣ.

1946ರಲ್ಲಿ ಯೂಜೀನ್ ಟಾಲ್ಮಡ್ಜ್ ಡೆಮಾಕ್ರಟಿಕ್ ಪಕ್ಷದ ಪ್ರೈಮರಿ ಗೆದ್ದರು. ಪ್ರೈಮರಿ ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ. ಅಲ್ಲಿ ಆಗ ರಿಪಬ್ಲಿಕನ್ನರಿಗೆ ಬಲವಿರಲಿಲ್ಲ, ಹಾಗಾಗಿ ಪ್ರೈಮರಿ ಗೆದ್ದವರೇ ಗವರ್ನರ್. ಆದರೆ ಜನರ ಮತ ಜಾಸ್ತಿ ಬಿದ್ದದ್ದು ಜೇಮ್ಸ್ ಕಾರ್ಮೈಕಲ್ ಅವರಿಗೆ! ಕಾರಣ ಕೌಂಟಿ ಯೂನಿಟ್ ಪದ್ಧತಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು. ಒಂದು ಕೌಂಟಿಯಲ್ಲಿ ಹೆಚ್ಚು ಮತ ಪಡೆದವರಿಗೆ ಅದರ ಯೂನಿಟ್‌ಗಳೆಲ್ಲ ಸಿಗುತ್ತಿದ್ದವು, ಗೆಲುವು ಯೂನಿಟ್ ಲೆಕ್ಕದಲ್ಲಿ. 159 ಕೌಂಟಿಗಳಲ್ಲಿ ದೊಡ್ಡ 8ಕ್ಕೆ ತಲಾ 6 ಯೂನಿಟ್, ನಂತರದ 30ಕ್ಕೆ ತಲಾ 4, ಉಳಿದ 121ಕ್ಕೆ ತಲಾ 2. ಅಟ್ಲಾಂಟ ನಗರವಿರುವ ಫುಲ್ಟನ್ ಕೌಂಟಿಗೆ 6 ಯೂನಿಟ್. ಬೆರಳೆಣಿಕೆಯ ಜನರಿದ್ದ ಮೂರು ಸಣ್ಣ ಕೌಂಟಿಗಳು ಸೇರಿದರೂ ಅಷ್ಟೇ 6. ಹಳ್ಳಿಗಾಡು ಟಾಲ್ಮಡ್ಜ್ ಕೈಹಿಡಿಯಿತು. ಆ ಪ್ರೈಮರಿಯಲ್ಲಿ ಕಪ್ಪು ಜನರೂ ದೊಡ್ಡ ಸಂಖ್ಯೆಯಲ್ಲಿ ಮತ ಹಾಕಿದ್ದರು. ಬಿಳಿಯರಿಗಷ್ಟೇ ಪ್ರೈಮರಿ ಎಂಬ ನಿಯಮವನ್ನು ನ್ಯಾಯಾಲಯ ಆಗತಾನೇ ಹೊಡೆದುಹಾಕಿತ್ತು. ಅದನ್ನು ಮತ್ತೆ ತರುತ್ತೇನೆ ಎಂಬುದೇ ಟಾಲ್ಮಡ್ಜ್ ಅವರ ಪ್ರಚಾರವಾಗಿತ್ತು. ಕುರ್ಚಿಗಾಗಿ ಆದ ಜಗಳ ಬರೀ ಕುರ್ಚಿಯದ್ದಾಗಿರಲಿಲ್ಲ ಎನ್ನುವುದನ್ನು ಇಲ್ಲೇ ಗುರುತು ಹಾಕಿಕೊಳ್ಳಿ.

ಟಾಲ್ಮಡ್ಜ್‌ಗೆ ಆರೋಗ್ಯ ಸರಿಯಿರಲಿಲ್ಲ. ಬೆಂಬಲಿಗರು ಸಂವಿಧಾನ ತೆಗೆದು ಓದಿದರು. ಯಾರಿಗೂ ಬಹುಮತ ಬರದಿದ್ದರೆ, ಅತಿ ಹೆಚ್ಚು ಮತ ಪಡೆದು ಬದುಕಿರುವ ಇಬ್ಬರಲ್ಲಿ ಒಬ್ಬರನ್ನು ಶಾಸನಸಭೆ ಆರಿಸಬೇಕು ಎಂದಿತ್ತು. ಸರಿ, ಯೂಜೀನ್ ಸತ್ತರೆ ಆ ಇಬ್ಬರಲ್ಲಿ ಅವರ ಮಗ ಹರ್ಮನ್ ಇರಲಿ ಎಂದು, ನವೆಂಬರ್ ಚುನಾವಣೆಯಲ್ಲಿ ಕೆಲವರು ಮತಪತ್ರದ ಮೇಲೆ ಹರ್ಮನ್ ಹೆಸರನ್ನು ಕೈಯಲ್ಲೇ ಬರೆದರು. ಡಿಸೆಂಬರ್ 21ರಂದು, ಪ್ರಮಾಣವಚನಕ್ಕೆ ಮೊದಲೇ, ಯೂಜೀನ್ ತೀರಿಕೊಂಡರು.

1945ರ ಹೊಸ ಸಂವಿಧಾನ ಲೆಫ್ಟಿನೆಂಟ್ ಗವರ್ನರ್ ಹುದ್ದೆ ತಂದಿತ್ತು. ಆ ಹುದ್ದೆಗೆ ಮೊಟ್ಟಮೊದಲು ಗೆದ್ದವರು ಮೆಲ್ವಿನ್ ಥಾಂಪ್ಸನ್. ಗವರ್ನರ್ ಸತ್ತರೆ ಅಥವಾ ರಾಜೀನಾಮೆ ಕೊಟ್ಟರೆ ಇವರು ಅಧಿಕಾರ ವಹಿಸಬೇಕು. ಆದರೆ ಗೆದ್ದು ಇನ್ನೂ ಗವರ್ನರ್ ಆಗದವರು ಸತ್ತರೆ? ಅದನ್ನು ಯಾರೂ ಬರೆದಿರಲಿಲ್ಲ.

ಕೈಬರಹದ ಮತಗಳನ್ನು ಎಣಿಸಿದಾಗ ಕಾರ್ಮೈಕಲ್‌ಗೆ 669, ಟಾಲ್ಮಡ್ಜ್ ಬೋವರ್ಸ್ ಎಂಬ ಇನ್ನೊಬ್ಬರಿಗೆ 637, ಹರ್ಮನ್‌ಗೆ 617. ಅಂದರೆ ಹರ್ಮನ್ ಮೂರನೆಯವರು, ಆಟದಿಂದ ಹೊರಗೆ. ಅಷ್ಟರಲ್ಲಿ ಟಾಲ್ಮಡ್ಜ್ ಕುಟುಂಬದ ಊರಾದ ಟೆಲ್ಫೇರ್ ಕೌಂಟಿಯಲ್ಲಿ ಇನ್ನೂ 58 ಮತ ಸಿಕ್ಕವು. ಹರ್ಮನ್ 675ಕ್ಕೆ ಏರಿದರು. ಜನವರಿ 15ರ ನಸುಕಿನಲ್ಲಿ ಶಾಸನಸಭೆ ಅವರನ್ನು ಆರಿಸಿತು. ಅವರಿಗಾಗ 33 ವರ್ಷ.

ಹಾಲಿ ಗವರ್ನರ್ ಎಲಿಸ್ ಆರ್ನಲ್ ಇದನ್ನು ಒಪ್ಪಲಿಲ್ಲ, ಜಾಗ ಬಿಡಲಿಲ್ಲ. ಹರ್ಮನ್ ಕಡೆಯವರು ಕಚೇರಿಯ ಬೀಗವನ್ನೇ ಬದಲಿಸಿದರು. ಆರ್ನಲ್ ಅದೇ ಕಟ್ಟಡದ ಮಾಹಿತಿ ಮೇಜಿನ ಬಳಿ ಕುಳಿತು ಕೆಲಸ ಮುಂದುವರಿಸಿದರು. ಜನವರಿ 18ರಂದು ಥಾಂಪ್ಸನ್ ಪ್ರಮಾಣವಚನ ತೆಗೆದುಕೊಂಡರು, ಆರ್ನಲ್ ರಾಜೀನಾಮೆ ಕೊಟ್ಟರು. ರಾಜ್ಯದ ಕಾರ್ಯದರ್ಶಿ ಬೆನ್ ಫೋರ್ಟ್‌ಸನ್ ಸರ್ಕಾರಿ ಮುದ್ರೆಯನ್ನು ಯಾರಿಗೂ ಕೊಡದೆ ಬಚ್ಚಿಟ್ಟರು. ತಮ್ಮ ಗಾಲಿಕುರ್ಚಿಯಲ್ಲಿ ಅದರ ಮೇಲೆಯೇ ಕುಳಿತಿದ್ದರಂತೆ. ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾದವರು ಇವರೇ.

ಮಾರ್ಚ್ 19ರಂದು ಜಾರ್ಜಿಯದ ಸುಪ್ರೀಂ ಕೋರ್ಟ್ 5–2ರಲ್ಲಿ ಥಾಂಪ್ಸನ್ ಪರ ತೀರ್ಪು ಕೊಟ್ಟಿತು. ಇಲ್ಲಿ ನಿಧಾನವಾಗಿ ಓದಿ, ನಾನೂ ಮೊದಲ ಸಲ ತಪ್ಪು ತಿಳಿದದ್ದು ಇಲ್ಲೇ. ಯೂಜೀನ್ ಸತ್ತರು, ಅದಕ್ಕೆ ಥಾಂಪ್ಸನ್ ಬಂದರು ಅಂತ ಅನ್ನಿಸುತ್ತದೆ, ಅಲ್ವಾ? ಹಾಗಲ್ಲ. ಯೂಜೀನ್ ಗವರ್ನರ್ ಆಗಿರಲೇ ಇಲ್ಲ, ಹಾಗಾಗಿ ಅವರ ಕುರ್ಚಿ ಖಾಲಿಯಾಗುವ ಮಾತೇ ಇಲ್ಲ. ಅವರಿಗೆ ಬಹುಮತವೂ ಬಂದಿತ್ತು. ಸತ್ತ ಮಾತ್ರಕ್ಕೆ ಆ ಬಹುಮತ ಅಳಿಯುವುದಿಲ್ಲ. ಆದ್ದರಿಂದ ಶಾಸನಸಭೆಗೆ ಆರಿಸುವ ಅಧಿಕಾರವೇ ಹುಟ್ಟಲಿಲ್ಲ. ಮುಂದಿನವರು ಅರ್ಹರಾಗಿ ಬರುವ ತನಕ ಹಳಬರೇ ಇರಬೇಕು ಎಂಬ ನಿಯಮದಂತೆ ಆರ್ನಲ್ ಗವರ್ನರ್ ಆಗಿಯೇ ಉಳಿದರು. ಅವರು ರಾಜೀನಾಮೆ ಕೊಟ್ಟಾಗ ಖಾಲಿಯಾದದ್ದು ಅವರ ಕುರ್ಚಿ. ಥಾಂಪ್ಸನ್ ಬಂದದ್ದು ಆ ಕುರ್ಚಿಗೆ, ಅದೂ ಮುಂದಿನ ಚುನಾವಣೆಯವರೆಗೆ.

ಆ 58 ಮತಗಳ ಕಥೆ ಏನಾಯಿತು? ಅಟ್ಲಾಂಟ ಜರ್ನಲ್ ಪತ್ರಿಕೆಯ ಜಾರ್ಜ್ ಗುಡ್‌ವಿನ್ ಟೆಲ್ಫೇರ್‌ಗೆ ಹೋಗಿ ಮತದಾರರ ಪಟ್ಟಿ ಕೆದಕಿದರು. ಎಷ್ಟೋ ಜನ ಅಕ್ಷರಮಾಲೆಯ ಕ್ರಮದಲ್ಲೇ ಬಂದು ಮತ ಹಾಕಿದಂತೆ ದಾಖಲಾಗಿತ್ತು, ಸತ್ತವರ ಹೆಸರೂ ಇತ್ತು. ಈ ವರದಿಗೆ 1948ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಆದರೆ ಹರ್ಮನ್ ಸೋತದ್ದು ಈ ಮೋಸದಿಂದ ಎಂದು ಬರೆಯಬೇಡಿ. ಮತಗಳೆಲ್ಲ ಸಾಚಾ ಆಗಿದ್ದರೂ ಕೋರ್ಟಿನ ಆ ತರ್ಕ ಹಾಗೇ ನಿಲ್ಲುತ್ತಿತ್ತು.

ಸುಮಾರು ಎರಡು ತಿಂಗಳು ಅಧಿಕಾರದಲ್ಲಿದ್ದ ಹರ್ಮನ್ ತೀರ್ಪು ಬಂದಾಗ ಕಚೇರಿ ಬಿಟ್ಟು ಹೊರಟರು. 1948ರಲ್ಲಿ ಥಾಂಪ್ಸನ್ ಅವರನ್ನೇ ಸೋಲಿಸಿ ವಾಪಸ್ ಬಂದು, 1955ರವರೆಗೆ ಗವರ್ನರ್ ಆಗಿದ್ದರು. ಪಟ್ಟಿಯಲ್ಲಿ ಅವರ ಹೆಸರು ಎರಡು ಸಲ ಕಾಣುವುದು ಇದಕ್ಕೇ. ಕೌಂಟಿ ಯೂನಿಟ್ ಪದ್ಧತಿ ಮಾತ್ರ 1962ರಲ್ಲಿ ಫೆಡರಲ್ ನ್ಯಾಯಾಲಯ ತಡೆಯುವವರೆಗೂ ನಡೆಯಿತು, 1963ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು.