ಒಂದೇ ಸೋಲೋ ಆಲ್ಬಮ್ ಮಾಡಿದ ಟಾರ್ಚ್‌ಗೆ ಜರ್ಮನ್ ರ್ಯಾಪ್‌ನಲ್ಲಿ ಇಷ್ಟು ಮರ್ಯಾದೆ ಯಾಕೆ?

ಪ್ರಶ್ನೆ: ಜರ್ಮನ್ ರ್ಯಾಪ್ ಬಗ್ಗೆ ಮಾತು ಬಂದಾಗಲೆಲ್ಲ ಟಾರ್ಚ್ ಹೆಸರು ಕೇಳುತ್ತೇನೆ. ಹುಡುಕಿದರೆ 2000ದಲ್ಲಿ ಬಂದ ಒಂದೇ ಸೋಲೋ ಆಲ್ಬಮ್ ಸಿಗುತ್ತದೆ. ಅಷ್ಟಕ್ಕೇ ಇಷ್ಟು ದೊಡ್ಡ ಹೆಸರಾ?

ಉತ್ತರ: ಆಲ್ಬಮ್ ಎಣಿಸುತ್ತಾ ಕೂತರೆ ಟಾರ್ಚ್ ಯಾರು ಅಂತ ಗೊತ್ತಾಗುವುದಿಲ್ಲ. ಅವರ ದೊಡ್ಡ ಕೆಲಸ ಆ ಆಲ್ಬಮ್‌ಗಿಂತ ಮೊದಲೇ ಆಗಿಹೋಗಿತ್ತು.

ನಿಜ ಹೆಸರು ಫ್ರೆಡೆರಿಕ್ ಹಾನ್. ಹುಟ್ಟಿದ್ದು 1971ರಲ್ಲಿ, ಹೈಡೆಲ್‌ಬರ್ಗ್‌ನಲ್ಲಿ. ತಂದೆ ಜರ್ಮನಿಯವರು, ತಾಯಿ ಹೈಟಿಯವರು. ಆಗ ಆ ಊರಿನಲ್ಲಿ ಅಮೆರಿಕ ಸೇನೆಯ ದೊಡ್ಡ ನೆಲೆ ಇತ್ತು. ಸೈನಿಕರ ಜೊತೆಗೇ ಹಿಪ್‌ಹಾಪ್ ಕೂಡ ಬಂದಿಳಿಯಿತು. ರ್ಯಾಪ್ ಅಂದರೆ ಇಂಗ್ಲಿಷಿನಲ್ಲೇ ಹಾಡಬೇಕು ಎಂದು ಎಲ್ಲರೂ ನಂಬಿದ್ದ ಕಾಲ ಅದು. ಟಾರ್ಚ್ ವೇದಿಕೆ ಹತ್ತಿ, ಆ ಕ್ಷಣಕ್ಕೆ ಹೊಳೆದದ್ದನ್ನು ಜರ್ಮನ್ ಭಾಷೆಯಲ್ಲೇ ಪ್ರಾಸ ಕಟ್ಟಿ ಹಾಡತೊಡಗಿದರು. ಹಾಗೆ ಹಾಡಿದ ಮೊದಲಿಗರಲ್ಲಿ ಅವರೂ ಒಬ್ಬರು.

1987ರಲ್ಲಿ ಗೆಳೆಯರ ಜೊತೆ 'ಅಡ್ವಾನ್ಸ್ಡ್ ಕೆಮಿಸ್ಟ್ರಿ' ತಂಡ ಕಟ್ಟಿದರು. ಅದರಲ್ಲಿದ್ದ ಟೋನಿ-ಎಲ್ ಇಟಲಿ ಮೂಲದವರು, ಲಿಂಗ್ವಿಸ್ಟ್ ಘಾನಾ ಮೂಲದವರು. (ಲಿಂಗ್ವಿಸ್ಟ್, ಅಂದರೆ ಕೋಫಿ ಯಾಕ್ಪೊ, ಮುಂದೆ ನಿಜಕ್ಕೂ ಭಾಷಾವಿಜ್ಞಾನಿಯಾಗಿ ಹಾಂಗ್‌ಕಾಂಗ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು.)

ಈಗ 1992ಕ್ಕೆ ಬರೋಣ. ಎರಡು ಜರ್ಮನಿಗಳು ಒಂದಾಗಿ ಎರಡು ವರ್ಷವಾಗಿತ್ತು. ಆಗಸ್ಟ್‌ನಲ್ಲಿ ರಾಸ್ಟಾಕ್ ನಗರದಲ್ಲಿ ವಲಸಿಗರನ್ನು ದ್ವೇಷಿಸುವ ಗುಂಪು ವಿಯೆಟ್ನಾಂ ಕಾರ್ಮಿಕರು ವಾಸವಿದ್ದ ಕಟ್ಟಡಕ್ಕೆ ಬೆಂಕಿ ಹಚ್ಚಿತು. ಸುತ್ತ ನೆರೆದ ಜನ ಚಪ್ಪಾಳೆ ತಟ್ಟಿದರು. ನವೆಂಬರ್‌ನಲ್ಲಿ ಮೋಲ್ನ್ ಊರಲ್ಲಿ ಟರ್ಕಿ ಮೂಲದ ಒಬ್ಬ ಹೆಂಗಸು, ಇಬ್ಬರು ಹುಡುಗಿಯರು ಬೆಂಕಿಗೆ ಬಲಿಯಾದರು. ಅದೇ ನವೆಂಬರ್‌ನಲ್ಲಿ ಈ ತಂಡದ 'ಫ್ರೆಮ್ಟ್ ಇಮ್ ಐಗೆನೆನ್ ಲಾಂಟ್' ಬಂತು. ಸ್ವಂತ ದೇಶದಲ್ಲೇ ಪರಕೀಯ ಅನ್ನುವ ಹಾಡು.

ಹಾಡಿನಲ್ಲಿ ಘೋಷಣೆ ಕೂಗುವುದಿಲ್ಲ, ದಿನನಿತ್ಯ ನಡೆಯುವುದನ್ನೇ ಹೇಳುತ್ತಾರೆ. ಜೇಬಿನಲ್ಲಿ ಚಿನ್ನದ ಬಣ್ಣದ ಹದ್ದಿನ ಚಿತ್ರವಿರುವ ಹಸಿರು ಜರ್ಮನ್ ಪಾಸ್‌ಪೋರ್ಟ್ ಇದೆ. ಆದರೂ ಗಡಿಯ ಹತ್ತಿರ ರೈಲಿನಲ್ಲಿ ಗುರುತುಚೀಟಿ ತೋರಿಸಬೇಕಾದವನು ಇವನೊಬ್ಬನೇ. ಮುಂದೆ ನಿನ್ನ ಊರಿಗೆ ವಾಪಸ್ ಹೋಗ್ತೀಯಾ ಅಂತ ಯಾರೋ ಕೇಳುತ್ತಾರೆ. ಎಲ್ಲಿಗೆ, ನನ್ನ ಮನೆ ಇರುವ ಹೈಡೆಲ್‌ಬರ್ಗ್‌ಗಾ ಅಂತ ಇವನು ತಿರುಗಿ ಕೇಳುತ್ತಾನೆ. ಇಷ್ಟು ಚಿಕ್ಕ ಮಾತಿನಲ್ಲಿ ಎಷ್ಟು ವರ್ಷದ ನೋವು ತುಂಬಿದೆ ನೋಡಿ. ಆಗಿನ್ನೂ ಜರ್ಮನ್ ಪೌರತ್ವ 1913ರ ಕಾನೂನಿನಂತೆ ರಕ್ತಸಂಬಂಧದ ಮೇಲೆಯೇ ನಿಂತಿತ್ತು. ಅಲ್ಲೇ ಹುಟ್ಟಿ ಬೆಳೆದ ಲಕ್ಷಾಂತರ ಮಕ್ಕಳು ಕಾಗದದಲ್ಲಿ ವಿದೇಶಿಯರು. ಆ ನಿಯಮ ಸಡಿಲವಾದದ್ದು 2000ದಲ್ಲಿ.

ಅದೇ 1992ರಲ್ಲಿ ಸ್ಟುಟ್‌ಗಾರ್ಟ್‌ನ ಇನ್ನೊಂದು ತಂಡದ ತಮಾಷೆಯ ಪ್ರೇಮಗೀತೆ ಭಾರಿ ಹಿಟ್ ಆಯಿತು. ಜರ್ಮನ್ ರ್ಯಾಪ್ ಬರೀ ಮೋಜಿನ ಪದ್ಯವಾಗಿ ಉಳಿದುಬಿಡಬಹುದಿತ್ತು. ಹಾಗಾಗದಂತೆ ತಡೆದವರಲ್ಲಿ ಟಾರ್ಚ್ ಮತ್ತು ಗೆಳೆಯರು ಮುಂದಿದ್ದರು ಎಂದು ನನಗನ್ನಿಸುತ್ತದೆ. ನಮ್ಮ ಸಿಟ್ಟನ್ನು ನಮ್ಮದೇ ಭಾಷೆಯಲ್ಲಿ ಹಾಡಬಹುದು ಎಂಬ ಧೈರ್ಯ ವಲಸಿಗರ ಮಕ್ಕಳಿಗೆ ಸಿಕ್ಕಿತು.

ಸೋಲೋ ಆಲ್ಬಮ್ 'ಬ್ಲಾವರ್ ಜಾಮ್ಟ್' ಬೇರೆಯೇ ಜಾತಿಯದು. ಅಲ್ಲಿ ಅವರು ಜಾಸ್ತಿ ತಮ್ಮೊಳಗೇ ನೋಡಿಕೊಳ್ಳುತ್ತಾರೆ: ಶಾಲೆಯ ದಿನಗಳು, ಒಂಟಿತನ, ಪ್ರೀತಿ. ಆದರೂ ಬೀದಿ ಬಿಡಲಿಲ್ಲ. 2000ದ ಜೂನ್‌ನಲ್ಲಿ ಡೆಸ್ಸೌ ನಗರದ ಪಾರ್ಕಿನಲ್ಲಿ ಮೊಜಾಂಬಿಕ್ ಮೂಲದ ಆಲ್ಬೆರ್ಟೊ ಆಡ್ರಿಯಾನೊ ಅವರ ಮೇಲೆ ನವನಾಜಿಗಳು ಹಲ್ಲೆ ಮಾಡಿದರು. ಮೂರು ದಿನದಲ್ಲಿ ಅವರು ತೀರಿಕೊಂಡರು. ಮರುವರ್ಷ ಆ ಸಾವನ್ನು ಖಂಡಿಸಿ 'ಬ್ರದರ್ಸ್ ಕೀಪರ್ಸ್' ಹೆಸರಿನಲ್ಲಿ ಕಪ್ಪು ಜರ್ಮನ್ ಹಾಡುಗಾರರು ಒಟ್ಟಾಗಿ ಹಾಡಿದಾಗ ಟಾರ್ಚ್ ಕೂಡ ದನಿಗೂಡಿಸಿದರು.

ಆಮೇಲೆ 'ಡಿಜೆ ಹೈಟಿಯನ್ ಸ್ಟಾರ್' ಹೆಸರಿನಲ್ಲಿ ರೆಕಾರ್ಡ್ ತಿರುಗಿಸಿದರು. 2023ರಲ್ಲಿ ಹೈಡೆಲ್‌ಬರ್ಗ್‌ನ ಹಿಪ್‌ಹಾಪ್ ಸಂಸ್ಕೃತಿ ಜರ್ಮನಿಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಕೇಳಬೇಕು ಅನ್ನಿಸಿದರೆ ಆಲ್ಬಮ್‌ನಿಂದ ಶುರು ಮಾಡಬೇಡಿ. ಮೊದಲು 1992ರ ಆ ಹಾಡು ಕೇಳಿ.