ಕುಂತಿಬೆಟ್ಟದ ಮೇಲೆ ನಾಲ್ಕು ಫ್ಯಾನು ನಿಲ್ಲಿಸಿದರೆ

ಆಷಾಢದಲ್ಲಿ ಚಾಮುಂಡಿ ಬೆಟ್ಟ ಹತ್ತಿದವರಿಗೆ ನಮ್ಮ ಕಡೆ ಗಾಳಿಗೇನೂ ಬರವಿಲ್ಲ ಅನ್ನಿಸುತ್ತದೆ. ಸೆರಗು ನಿಲ್ಲುವುದಿಲ್ಲ, ಕರ್ಪೂರ ಹೊತ್ತಿಕೊಳ್ಳುವುದಿಲ್ಲ. ಆದರೂ ಸಾಲು ಸಾಲು ಗಾಳಿ ಫ್ಯಾನು ನೋಡಬೇಕೆಂದರೆ ಚಿತ್ರದುರ್ಗ, ಗದಗದ ಕಡೆಗೇ ಹೋಗಬೇಕು. ಯಾಕೆ? ಸುಮ್ನೆ ಒಂದು ಲೆಕ್ಕ ಹಾಕೋಣ.

ಪಾಂಡವಪುರದ ಕುಂತಿಬೆಟ್ಟದ ಮೇಲೆ ನಾಲ್ಕು ಸಣ್ಣ ಫ್ಯಾನು ನಿಲ್ಲಿಸಿದ್ದೇವೆ ಅಂದುಕೊಳ್ಳಿ. ಒಂದೊಂದು ರೆಕ್ಕೆ 15 ಮೀಟರ್ ಉದ್ದ. ಗಾಳಿ ಗಂಟೆಗೆ 14 ಕಿ.ಮೀ. ವೇಗದಲ್ಲಿದ್ದರೆ ಒಂದು ಫ್ಯಾನಿನಿಂದ ಸಿಗುವುದು ಸುಮಾರು 8–9 ಕಿಲೋವ್ಯಾಟ್. ಕಬ್ಬಿಗೆ ನೀರು ಹಾಯಿಸುವ 10 ಎಚ್‌ಪಿ ಮೋಟಾರು ಒಂದು ಓಡಿದರೆ ಅಲ್ಲಿಗೆ ಮುಗಿಯಿತು. ಈಗ ಗಾಳಿಯ ವೇಗ ಎರಡರಷ್ಟಾಯಿತು ಅನ್ನಿ. ಕರೆಂಟೂ ಎರಡರಷ್ಟಾಗಬೇಕು, ಅಲ್ವಾ? ಇಲ್ಲ, ಹೆಚ್ಚುಕಡಿಮೆ ಎಂಟರಷ್ಟಾಗುತ್ತದೆ! ರೆಕ್ಕೆಗಳನ್ನು ದಾಟಿ ಹೋಗುವ ಗಾಳಿಯೇ ಎರಡರಷ್ಟು, ಅದರ ಒಂದೊಂದು ಕೆ.ಜಿ.ಯಲ್ಲಿರುವ ಶಕ್ತಿ ನಾಲ್ಕರಷ್ಟು. ಎರಡನ್ನೂ ಗುಣಿಸಿ ನೋಡಿ. ಚಿತ್ರದುರ್ಗದ ಗುಡ್ಡಗಳು ಗೆಲ್ಲುವುದು ಇಲ್ಲೇ. ವರ್ಷದ ಸರಾಸರಿ ವೇಗ ಸ್ವಲ್ಪ ಜಾಸ್ತಿ ಇದ್ದರೂ ಸಾಕು, ಕರೆಂಟು ಬಹಳ ಜಾಸ್ತಿ.

ಗಾಳಿಯಲ್ಲಿರುವ ಶಕ್ತಿಯೆಲ್ಲ ನಮಗೆ ದಕ್ಕುವುದಿಲ್ಲ. ಪೂರ್ತಿ ಕಿತ್ತುಕೊಂಡರೆ ಗಾಳಿ ರೆಕ್ಕೆಯ ಹಿಂದೆ ನಿಂತೇಬಿಡುತ್ತದೆ, ಹೊಸ ಗಾಳಿಗೆ ದಾರಿ ಇರುವುದಿಲ್ಲ. ಶೇ 59ರ ಆಚೆಗೆ ಯಾರ ಕೈಲೂ ಆಗದು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಸ್ ಸುಮಾರು ನೂರು ವರ್ಷಗಳ ಹಿಂದೆಯೇ ಲೆಕ್ಕ ಹಾಕಿ ತೋರಿಸಿದ್ದರು.

ರೆಕ್ಕೆಯನ್ನು ಗಾಳಿ ಬರೀ ದೂಡುವುದೂ ಅಲ್ಲ. ವಿಮಾನದ ರೆಕ್ಕೆಯ ಹಾಗೆ, ಒಂದು ಮೈಯಲ್ಲಿ ಒತ್ತಡ ಕಡಿಮೆಯಾಗಿ ಅದು ಆ ಕಡೆಗೆ ಎಳೆಸಿಕೊಳ್ಳುತ್ತದೆ. ಇಂಥ ಸಣ್ಣ ಫ್ಯಾನು ನಿಮಿಷಕ್ಕೆ ಸುಮಾರು 40 ಸುತ್ತು ತಿರುಗುತ್ತದೆ. ಗೇರ್‌ಬಾಕ್ಸ್ ಅದನ್ನು 1,500ರ ಆಸುಪಾಸಿಗೆ ಏರಿಸಿದ ಮೇಲೆ ಜನರೇಟರಿನಿಂದ ನಮ್ಮ ಮನೆಗೆ ಬರುವಂಥ 50 ಹರ್ಟ್ಸ್ ಕರೆಂಟು ಹುಟ್ಟುತ್ತದೆ. ನನಗೆ ಇದಕ್ಕಿಂತ ಇಷ್ಟವಾಗುವುದು ಮೇಲಿರುವ ಕೇಬಲ್ಲಿನ ಕಥೆ. ಗಾಳಿ ದಿಕ್ಕು ಬದಲಿಸಿದಾಗೆಲ್ಲ ಫ್ಯಾನಿನ ತಲೆ ಅತ್ತ ತಿರುಗಬೇಕು. ಒಂದೇ ಕಡೆಗೆ ತಿರುಗುತ್ತ ಹೋದರೆ ಕಂಬದೊಳಗೆ ಇಳಿಬಿಟ್ಟ ಕೇಬಲ್ಲು ಹುರಿಗೊಳ್ಳುತ್ತದೆ. ಕೆಲವು ಸುತ್ತಾದ ಮೇಲೆ ಫ್ಯಾನು ಕೆಲಸ ನಿಲ್ಲಿಸಿ, ತಾನೇ ಹಿಂದಕ್ಕೆ ತಿರುಗಿ ಹುರಿ ಬಿಚ್ಚಿಕೊಳ್ಳುತ್ತದೆ. ಬಿರುಗಾಳಿ ಗಂಟೆಗೆ 90 ಕಿ.ಮೀ. ಮುಟ್ಟಿದರೂ ಅಷ್ಟೆ, ಸಾಮಾನ್ಯವಾಗಿ ರಜೆ.

ಜನರೇಟರ್ ತಿರುಗಿಸುವ ಕೆಲಸ ಈ ಸೀಮೆಗೆ ಹೊಸದಲ್ಲ. 1902ರಲ್ಲೇ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಗಿತ್ತು. ಆದರೆ ನೀರನ್ನು ಕಟ್ಟೆ ಕಟ್ಟಿ ನಿಲ್ಲಿಸಬಹುದು, ಗಾಳಿಯನ್ನು ಆಗದು. ಗಾಳಿ ಬಂದಾಗ ತೂರಿಕೊಳ್ಳಬೇಕು, ಅಷ್ಟೆ. ನಮ್ಮ ಪುಣ್ಯಕ್ಕೆ ರಾಜ್ಯದಲ್ಲಿ ಗಾಳಿ ಜೋರಾಗುವುದೂ ಜಲಾಶಯಗಳು ತುಂಬುವುದೂ ಮುಂಗಾರಿನಲ್ಲೇ. ಆಗ ಫ್ಯಾನುಗಳು ಕೊಟ್ಟಷ್ಟು ಕರೆಂಟು ತೆಗೆದುಕೊಂಡು, ಶರಾವತಿಯ ನೀರನ್ನು ಲಿಂಗನಮಕ್ಕಿಯಲ್ಲೇ ಉಳಿಸಿದರೆ, ಮಾರ್ಚಿಯಲ್ಲಿ ಪಂಪ್‌ಸೆಟ್ಟು, ಏಸಿ ಎಲ್ಲ ಒಟ್ಟಿಗೆ ಓಡುವಾಗ ಅದೇ ನೀರು ಕೈಗೆ ಬರುತ್ತದೆ.