ಡಿಸೆಂಬರ್ 3ರ ರಜೆ: ಗೋವಾ ಇತಿಹಾಸ ಓದುವವರಿಗೆ ಒಂದು ಟಿಪ್ಪಣಿ

ಗೋವಾದಲ್ಲಿ ಡಿಸೆಂಬರ್ 25ರ ರಜೆ ಯಾಕೆ ಅಂತ ಎಲ್ಲರಿಗೂ ಗೊತ್ತು. 19ರದ್ದು ವಿಮೋಚನಾ ದಿನ. 1961ರಲ್ಲಿ ಪೋರ್ಚುಗೀಸರ ಆಳ್ವಿಕೆ ಮುಗಿದದ್ದು ಅಂದೇ. ಆದರೆ ಕರ್ನಾಟಕದಿಂದ ವಾಸ್ಕೋ, ಮಡಗಾಂವ್ ಕಡೆ ಹೊಸದಾಗಿ ಬಂದ ನಮ್ಮ ಹುಡುಗರು 3ನೇ ತಾರೀಕಿನ ರಜೆ ಕಂಡು "ಇದೇನಪ್ಪಾ" ಅನ್ನುತ್ತಾರೆ. ಅದು ಕ್ರೈಸ್ತ ಧರ್ಮ ಸಾರಲು ಬಂದ ಪಾದ್ರಿ, ಸೇಂಟ್ ಫ್ರಾನ್ಸಿಸ್ ಝೇವಿಯರ್ ಹಬ್ಬ. ಗೋವಾದ ಇತಿಹಾಸದ ಎಷ್ಟೋ ಎಳೆಗಳು ಈ ಒಂದು ರಜೆಗೆ ಬಂದು ಸೇರುತ್ತವೆ. ಹಾಗಾಗಿ ಇದನ್ನು ಸರಿಯಾಗಿ ಓದಿಕೊಳ್ಳೋಣ.

ಮೊದಲು ನೆನಪಿಡಬೇಕಾದದ್ದು: ಇದು ಅವರು ಹುಟ್ಟಿದ ದಿನವಲ್ಲ, ತೀರಿಕೊಂಡ ದಿನ. ಕ್ಯಾಥೋಲಿಕರಲ್ಲಿ ಸಂತರ ಹಬ್ಬ ಹೆಚ್ಚಾಗಿ ಹೀಗೇ ಬರುತ್ತದೆ. ಝೇವಿಯರ್ ಹುಟ್ಟಿದ್ದು 1506ರಲ್ಲಿ, ಈಗಿನ ಸ್ಪೇನಿನ ನವಾರಾದಲ್ಲಿ. ಗೋವಾಕ್ಕೆ ಬಂದದ್ದು 1542ರ ಮೇ ತಿಂಗಳಲ್ಲಿ. ಇಲ್ಲಿ ನಿಂತದ್ದು ಕಮ್ಮಿ, ತಿರುಗಿದ್ದೇ ಜಾಸ್ತಿ: ತಮಿಳು ಕರಾವಳಿ, ಈಗಿನ ಮಲೇಷ್ಯಾದ ಮಲಕ್ಕಾ, ಜಪಾನ್. ಚೀನಾದ ಒಳಗೆ ಹೋಗಬೇಕೆಂದು ಹೊರಟವರು ಶಾಂಗ್‌ಚುವಾನ್ ದ್ವೀಪದಲ್ಲಿ ಕಾಯಿಲೆ ಬಿದ್ದು 1552ರ ಡಿಸೆಂಬರ್ 3ರಂದು ತೀರಿಕೊಂಡರು.

ಅಷ್ಟು ದೂರದಲ್ಲಿ ಸತ್ತವರ ದೇಹ ಗೋವಾಕ್ಕೆ ಹೇಗೆ ಬಂತು? ದ್ವೀಪದಲ್ಲಿ ಸುಣ್ಣ ಹಾಕಿ ಹೂಳಿದ್ದರು. ಮಾಂಸ ಬೇಗ ಕರಗಿದರೆ ಮೂಳೆ ಒಯ್ಯಬಹುದು ಅನ್ನುವ ಲೆಕ್ಕ. ಕೆಲವು ತಿಂಗಳಾದ ಮೇಲೆ ತೆಗೆದಾಗ ದೇಹ ಕೆಟ್ಟಿರಲಿಲ್ಲ ಎಂದು ಆಗಿನವರು ಬರೆದಿದ್ದಾರೆ. ಭಕ್ತಿ ಬೆಳೆದದ್ದೇ ಅಲ್ಲಿಂದ. ಮೊದಲು ಮಲಕ್ಕಾಕ್ಕೆ, ನಂತರ 1554ರ ಮಾರ್ಚಿನಲ್ಲಿ ಗೋವಾಕ್ಕೆ ತಂದರು. ಮೊದಲು ಸೇಂಟ್ ಪೌಲ್ ಕಾಲೇಜಿನಲ್ಲಿಟ್ಟರು, ಮುಂದೆ ಓಲ್ಡ್ ಗೋವಾದ ಬೊಮ್ ಜೀಸಸ್ ಬೆಸಿಲಿಕಾ ಎಂಬ ಚರ್ಚಿಗೆ ಸಾಗಿಸಿದರು. ಆ ಕಾಲೇಜಿನದು ಈಗ ಓಲ್ಡ್ ಗೋವಾದಲ್ಲಿ ಒಂದು ಕಮಾನು ಮಾತ್ರ ಉಳಿದಿದೆ. ಬಲಗೈಯನ್ನು 1614ರಲ್ಲಿ ರೋಮಿಗೆ ಕಳಿಸಿದರು. ಸಂತ ಪದವಿ ಸಿಕ್ಕಿದ್ದು 1622ರಲ್ಲಿ.

ಇನ್ನು 1683. ಮರಾಠ ದೊರೆ ಸಂಭಾಜಿಯ ಸೈನ್ಯ ಗೋವಾದ ಹೊಸ್ತಿಲಿಗೆ ಬಂದಾಗ ಪೋರ್ಚುಗೀಸ್ ವೈಸ್‌ರಾಯ್ ಶವಪೆಟ್ಟಿಗೆ ತೆರೆಸಿ, ತನ್ನ ಅಧಿಕಾರದ ಕೋಲನ್ನು ಸಂತರ ಹತ್ತಿರ ಇಟ್ಟು ಬೇಡಿಕೊಂಡ. ಅಷ್ಟರಲ್ಲಿ ಮೊಘಲ್ ಸೈನ್ಯ ಬಂದದ್ದರಿಂದ ಸಂಭಾಜಿ ಹಿಂದೆ ಸರಿಯಬೇಕಾಯಿತು. ಭಕ್ತರು ಇದನ್ನು ಪವಾಡ ಅಂದರು. ಪರೀಕ್ಷೆಯಲ್ಲಿ ಕಾರಣ ಕೇಳಿದರೆ ಮೊಘಲರನ್ನು ಬರೆಯಿರಿ. ನಂಬಿಕೆ ಬೆಳೆದ ಬಗೆ ಕೇಳಿದರೆ ಆ ಕೋಲನ್ನು ಬರೆಯಿರಿ. ಝೇವಿಯರ್ "ಗೊಂಯ್ಚೊ ಸಾಯಬ್", ಅಂದರೆ ಗೋವಾದ ಒಡೆಯ, ಅನ್ನಿಸಿಕೊಂಡದ್ದಕ್ಕೆ ಇಂಥ ಘಟನೆಗಳೇ ಆಧಾರ.

ಬೆಸಿಲಿಕಾಕ್ಕೆ ಹೋದರೆ ಅವಸರ ಮಾಡಬೇಡಿ. ದೇಹ ಇಟ್ಟಿರುವ ಬೆಳ್ಳಿ ಪೆಟ್ಟಿಗೆ ಗೋವಾದ ಅಕ್ಕಸಾಲಿಗರ ಕೈಕೆಲಸ, 1637ರದ್ದು. ಸುತ್ತ 32 ಬೆಳ್ಳಿ ಫಲಕಗಳಲ್ಲಿ ಸಂತರ ಬದುಕಿನ ದೃಶ್ಯಗಳನ್ನು ಕೆತ್ತಿದ್ದಾರೆ. ಅದನ್ನು ಹೊತ್ತ ಅಮೃತಶಿಲೆಯ ಸಮಾಧಿ ಇಟಲಿಯ ಫೊಜ್ಜಿನಿ ಎಂಬ ಶಿಲ್ಪಿಯದು. ಸಂತರ ತಲೆಯಡಿ ಇದ್ದ ದಿಂಬು ಸಿಕ್ಕಿದ್ದಕ್ಕೆ ಪ್ರತಿಯಾಗಿ ಟಸ್ಕನಿಯ ದೊರೆ ಮೂರನೇ ಕೋಸಿಮೊ ಕೊಟ್ಟದ್ದು. 1698ರಲ್ಲಿ ಇಲ್ಲಿ ಜೋಡಿಸಿದರು. ಎಲ್ಲರೂ ಮೇಲಿನ ಪೆಟ್ಟಿಗೆ ನೋಡಿ ಮುಂದೆ ಹೋಗಿಬಿಡುತ್ತಾರೆ, ಕೆಳಗಿನ ಕಲ್ಲು ಯಾರ ಕಣ್ಣಿಗೂ ಬೀಳುವುದಿಲ್ಲ. ನನಗೆ ಅದೇ ಬೇಜಾರು.

ಒಂದು ಕಹಿ ಸಂಗತಿಯನ್ನೂ ಬಿಡಬಾರದು. ಗೋವಾಕ್ಕೆ ಇನ್‌ಕ್ವಿಸಿಷನ್, ಅಂದರೆ ಧರ್ಮ ತಪ್ಪಿದರೆಂದು ಜನರನ್ನು ವಿಚಾರಿಸಿ ಶಿಕ್ಷಿಸುವ ಚರ್ಚಿನ ನ್ಯಾಯಾಲಯ, ಬೇಕೆಂದು 1546ರಲ್ಲಿ ಪೋರ್ಚುಗಲ್ ರಾಜನಿಗೆ ಪತ್ರ ಬರೆದವರು ಇದೇ ಝೇವಿಯರ್. ಅದು ಶುರುವಾದದ್ದು 1560ರಲ್ಲಿ, ಅವರು ಸತ್ತ ಎಂಟು ವರ್ಷಕ್ಕೆ. ಅಲ್ಲಿ ನಡೆದದ್ದನ್ನೆಲ್ಲ ಅವರೇ ಮಾಡಿಸಿದರು ಅಂತ ಬರೆದರೂ ತಪ್ಪು, ಅವರಿಗೆ ಸಂಬಂಧವೇ ಇಲ್ಲ ಅಂದರೂ ತಪ್ಪು.

ಹಬ್ಬಕ್ಕೆ ಮುಂಚೆ, ನವೆಂಬರ್ 24ರಿಂದ ಒಂಬತ್ತು ದಿನ ನೊವೆನಾ ಪ್ರಾರ್ಥನೆ. ಕೊಂಕಣಿ ಪೂಜೆಗೆ ಅಂಗಳ ತುಂಬುತ್ತದೆ. ಬೆಳಗಾವಿ, ಕಾರವಾರ ಕಡೆಯಿಂದ ನಡೆದುಕೊಂಡು ಬರುವವರೂ ಇದ್ದಾರೆ. ಹಿಂದೂಗಳೂ ಮೇಣದಬತ್ತಿ ಹಚ್ಚಿ ಹರಕೆ ಹೊರುತ್ತಾರೆ. ಹೊರಗೆ ಸಾಲು ಅಂಗಡಿಗಳಲ್ಲಿ ಖಾಜೆ: ಕಡ್ಲೆಹಿಟ್ಟಿನ ಕಡ್ಡಿಗಳಿಗೆ ಬೆಲ್ಲದ ಪಾಕ, ಶುಂಠಿ, ಎಳ್ಳು. ನಮ್ಮೂರ ಜಾತ್ರೆಯಿಂದ ಬೆಂಡು-ಬತ್ತಾಸು ತರುವ ಹಾಗೆ ಇಲ್ಲಿಯವರು ಅದನ್ನು ಮನೆಗೆ ಒಯ್ಯುತ್ತಾರೆ.

ತುಂಬಾ ಜನ ತಪ್ಪು ಮಾಡುವ ಪ್ರಶ್ನೆ ಒಂದಿದೆ. ಡಿಸೆಂಬರ್ 3ರ ಹಬ್ಬ ಪ್ರತಿ ವರ್ಷ ಬರುತ್ತದೆ. ದೇಹವನ್ನು ಕೆಳಗಿಳಿಸಿ ಜನರ ದರ್ಶನಕ್ಕೆ ಇಡುವುದು ಬೇರೆ. ಅದು ಹತ್ತು ವರ್ಷಕ್ಕೊಮ್ಮೆ ಮಾತ್ರ. ಹೋದ ಸಲದ ದರ್ಶನ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ, ಸೆ ಕೆಥೆಡ್ರಲ್‌ನಲ್ಲಿ ನಡೆಯಿತು.